ಹತ್ತುವುದಕ್ಕೆ ಫಿಯಟ್, ಇಳಿಯುವುದಕ್ಕೆ ಮೋರಿಸ್

(ಮಡಿಕೇರಿಯಲ್ಲಿ ಹಳೆಯ ಕಾರುಗಳ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹೊರಗೆ ಅಂಗಳದಲ್ಲಿ ಎರಡು ಕಾರುಗಳು ನಿಂತಿವೆ. ಒಳಗೆ ಬರುವಾಗ ನಿಮ್ಮಲ್ಲಿ ಹಲವರು ಬಾನೆಟ್ ಮೇಲೆ ಕೈಯಿಟ್ಟು ನೋಡಿದಿರಿ. ಎರಡೂ ಇನ್ನೂ ಬೆಚ್ಚಗಿವೆ. ಬೆಳಿಗ್ಗೆ ಏಳು ಗಂಟೆಗೆ ವಿರಾಜಪೇಟೆಯಿಂದ ಹೊರಟು, ಬೇತ್ರಿಯಲ್ಲಿ ಕಾವೇರಿಯನ್ನು ದಾಟಿ, ಮೂರ್ನಾಡು, ಮೇಕೇರಿ ದಾರಿಯಾಗಿ ತಮ್ಮ ಕಾಲಿನ ಮೇಲೆಯೇ ಇಲ್ಲಿಗೆ ಬಂದಿವೆ. ಲಾರಿಯ ಮೇಲೆ ಹೇರಿಸಿ ತರುವುದು ನನಗೆ ಸುಲಭವಿತ್ತು. ಆದರೆ ಹಾಗೆ ತಂದಿದ್ದರೆ ಇವತ್ತು ಈ ವಿಷಯ ಮಾತನಾಡುವ ಹಕ್ಕು ನನಗೆ ಇರುತ್ತಿರಲಿಲ್ಲ.

ಒಂದು 1954ರ ಮೋರಿಸ್ ಮೈನರ್. ಅಜ್ಜ ಕೊಂಡದ್ದು. ಇನ್ನೊಂದು 1964ರ ಫಿಯಟ್ 1100 ಡಿಲೈಟ್. ಅಪ್ಪ ಕೊಂಡದ್ದು. ಮೋರಿಸ್ ಅನ್ನು ನಾನು ನಡೆಸಿದೆ, ಫಿಯಟ್ ಅನ್ನು ಮಗಳು. ನಾನು ಗಾಡಿ ಓಡಿಸಲು ಕಲಿತದ್ದು ಮೊದಲನೆಯದರಲ್ಲಿ, ಸಂಸಾರ ನಡೆಸಿದ್ದು ಎರಡನೆಯದರಲ್ಲಿ. ಆದ್ದರಿಂದ ಇವೆರಡನ್ನೂ ಹೋಲಿಸುವಾಗ ತಕ್ಕಡಿ ಹಿಡಿದ ಕೈ ಒಮ್ಮೊಮ್ಮೆ ನಡುಗೀತು. ಅಳತೆ ತಪ್ಪದಂತೆ ನೋಡಿಕೊಳ್ಳುತ್ತೇನೆ.

ಮೊದಲು ‘ವಿಂಟೇಜ್’ ಎಂಬ ಪದದ ಮಾತು. ಇಂಗ್ಲೆಂಡಿನ ಹಳೆಯ ಕ್ರಮದ ಪ್ರಕಾರ 1919ರಿಂದ 1930ರವರೆಗಿನ ಕಾರುಗಳು ಮಾತ್ರ ವಿಂಟೇಜ್. ನಮ್ಮ ದೇಶದಲ್ಲಿ 2021ರಲ್ಲಿ ತಿದ್ದುಪಡಿಯಾದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನ ವಿಂಟೇಜ್. ಹೊಸದಾಗಿ ಆ ನೋಂದಣಿ ಮಾಡಿಸಲು 20,000 ರೂಪಾಯಿ, ಆಮೇಲಿನ ಮರುನೋಂದಣಿಗೆ 5,000 ರೂಪಾಯಿ. ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಈ ಲೆಕ್ಕದಲ್ಲಿ ಎರಡೂ ವಿಂಟೇಜ್ ವಯಸ್ಸಿನವೇ.

ಮೋರಿಸ್ ಮೈನರ್ ಜನರ ಕಣ್ಣಿಗೆ ಬಿದ್ದದ್ದು 1948ರ ಲಂಡನ್ ಮೋಟಾರು ಪ್ರದರ್ಶನದಲ್ಲಿ. ರೂಪಿಸಿದವರು ಅಲೆಕ್ ಇಸ್ಸಿಗೋನಿಸ್, ಮುಂದೆ ಮಿನಿ ಕಾರನ್ನು ಮಾಡಿದ ಅದೇ ಎಂಜಿನಿಯರ್. ಮಾದರಿ ಕಾರು ಸಿದ್ಧವಾದ ಮೇಲೆ ಅದು ತೀರಾ ಇಕ್ಕಟ್ಟಾಗಿ ಕಾಣುತ್ತದೆ ಎನ್ನಿಸಿ, ಅವರು ಅದನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ನಾಲ್ಕು ಅಂಗುಲ ಸರಿಸಿ ನೋಡಿದರು. ಆ ಅಳತೆಯೇ ಗಟ್ಟಿಯಾಯಿತು. ಬಾನೆಟ್‌ನ ನಡುವೆ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿ ಇದೆಯಲ್ಲ, ಅದು ಆ ನಾಲ್ಕು ಅಂಗುಲದ ಗುರುತು. ಹೊರಗೆ ಹೋದಾಗ ಬೆರಳಾಡಿಸಿ ನೋಡಿ. ಮೊದಲ ಮೈನರ್‌ಗಳಲ್ಲಿದ್ದದ್ದು 918 ಸಿ.ಸಿ.ಯ ಹಳೆಯ ಎಂಜಿನ್. 1952ರ ನಂತರ ಆಸ್ಟಿನ್ ಮನೆತನದ 803 ಸಿ.ಸಿ.ಯ ಎಂಜಿನ್ ಬಂತು, 30 ಅಶ್ವಶಕ್ತಿಯದು. ನಮ್ಮದು ಅದು. ಭಾರತದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದೇ ಮೈನರ್ ಅನ್ನು ಜೋಡಿಸಿ ‘ಬೇಬಿ ಹಿಂದುಸ್ತಾನ್’ ಎಂದು ಮಾರಿತು. ಆಮೇಲೆ ಆ ಕಂಪನಿ ದೊಡ್ಡ ಆಕ್ಸ್‌ಫರ್ಡ್ ಮಾದರಿಯ ಕಡೆ, ಅಲ್ಲಿಂದ ಅಂಬಾಸಿಡರ್ ಕಡೆ ತಿರುಗಿತು. ಮಗು ಬೆಳೆಯಲಿಲ್ಲ.

ಫಿಯಟ್ 1100ರ ಈ ಪೀಳಿಗೆ 1953ರದು. ಎಂಜಿನಿಯರ್ ದಾಂತೆ ಜಾಕೋಸಾ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಮುಂಬಯಿಯ ಕುರ್ಲಾದಲ್ಲಿ ಇದನ್ನು ತಯಾರಿಸಿತು. ಇಟಲಿಯಲ್ಲಿ 1100 ಡಿ ಮಾದರಿಗೆ 1221 ಸಿ.ಸಿ. ಎಂಜಿನ್ ಬಂದರೂ ನಮ್ಮಲ್ಲಿ 1089 ಸಿ.ಸಿ.ಯದೇ ಉಳಿಯಿತು, ಸುಮಾರು 40 ಅಶ್ವಶಕ್ತಿ. 1970ರ ದಶಕದಲ್ಲಿ ಇದೇ ಗಾಡಿಯ ಹೆಸರು ಪ್ರೀಮಿಯರ್ ಪದ್ಮಿನಿ ಎಂದಾಯಿತು. ತಯಾರಿಕೆ ನಿಂತದ್ದು ಹೆಚ್ಚುಕಡಿಮೆ ಈ ಶತಮಾನ ಹುಟ್ಟುವ ಹೊತ್ತಿಗೆ. ಈ ಸಂಗತಿ ನೆನಪಿನಲ್ಲಿಡಿ, ಬಿಡಿಭಾಗಗಳ ಮಾತು ಬಂದಾಗ ಬೇಕಾಗುತ್ತದೆ.

ಈಗ ಓಟದ ವಿಷಯ. ಪುಸ್ತಕದ ಲೆಕ್ಕದಲ್ಲಿ ಮೋರಿಸ್ ಗಂಟೆಗೆ 100 ಕಿಲೋಮೀಟರ್‌ನ ಸಮೀಪ ಹೋಗುತ್ತದೆ, ಫಿಯಟ್ 120ರ ಸಮೀಪ. ಕೊಡಗಿನಲ್ಲಿ ಈ ಅಂಕಿಗಳಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಮಾಕುಟ್ಟದ ದಾರಿಯಲ್ಲಿ, ಸಂಪಾಜೆ ಘಾಟಿಯಲ್ಲಿ, ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಲ್ಲಿ 120ರ ವೇಗ ಯಾರಿಗೆ ಬೇಕು? ನಮಗೆ ಬೇಕಾದದ್ದು ಎಳೆತ. ಅದೂ ತಿರುವಿನಿಂದ ಹೊರಬರುವಾಗ, ಗಾಡಿ ತುಂಬಾ ಜನರಿರುವಾಗ, ಎದುರಿನಿಂದ ಬಸ್ಸು ಬಂದು ನಿಂತು ಮತ್ತೆ ಹೊರಡಬೇಕಾದಾಗ ಬೇಕಾದ ಎಳೆತ.

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿನ ಉಸಿರು ಕಡಿಮೆಯಾಗುತ್ತದೆ. ನೂರು ಮೀಟರ್‌ಗೆ ಸುಮಾರು ಶೇಕಡಾ 1ರಷ್ಟು ಶಕ್ತಿ ಹೋಗುತ್ತದೆ ಎನ್ನುವುದು ಎಂಜಿನ್ ಬಲ್ಲವರ ಅಂದಾಜು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಂದರೆ ಇಲ್ಲಿಗೆ ಬರುವಷ್ಟರಲ್ಲಿ ಮೋರಿಸ್‌ನ 30 ಕುದುರೆಗಳಲ್ಲಿ ಮೂರು, ಫಿಯಟ್‌ನ 40ರಲ್ಲಿ ನಾಲ್ಕೈದು ದಾರಿಯಲ್ಲೇ ಉಳಿದಿರುತ್ತವೆ. ಬಡವನ ಮನೆಯಿಂದ ಹೋದ ಮೂರು ರೂಪಾಯಿ ದೊಡ್ಡದು. ಫಿಯಟ್ ಸುಮಾರು ನೂರು ಕೆ.ಜಿ. ಹೆಚ್ಚು ತೂಗಿದರೂ ಉಳಿದ ಶಕ್ತಿಯಲ್ಲಿ ಅದನ್ನು ಹೊತ್ತು ನಡೆಯುತ್ತದೆ.

ಮೋರಿಸ್‌ನ ಕಷ್ಟ ಶಕ್ತಿ ಒಂದರದ್ದೇ ಅಲ್ಲ, ಗೇರಿನದ್ದೂ ಹೌದು. 803 ಸಿ.ಸಿ. ಮಾದರಿಯಲ್ಲಿ ಮೂರನೆಯ ಗೇರಿಗೂ ನಾಲ್ಕನೆಯದಕ್ಕೂ ನಡುವೆ ದೊಡ್ಡ ಕಂದಕವಿದೆ. ಇವತ್ತು ಬೇತ್ರಿ ಸೇತುವೆ ದಾಟಿ ಏರು ಶುರುವಾದಲ್ಲಿ ಅದು ಎಂದಿನಂತೆ ಎದುರಾಯಿತು. ನಾಲ್ಕರಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಸ್ಟಿಯರಿಂಗ್‌ನಲ್ಲೇ ಅದರ ನಡುಕ ತಿಳಿಯುತ್ತದೆ. ಮೂರಕ್ಕೆ ಇಳಿಸಿದರೆ ಕೂಗಿಕೊಳ್ಳುತ್ತದೆ. ಎರಡರ ನಡುವೆ ಒಂದು ಗೇರ್ ಇದ್ದಿದ್ದರೆ ಎಂದು ಅಜ್ಜನಿಗೂ ಅನ್ನಿಸಿತ್ತು, ನನಗೂ ಅನ್ನಿಸುತ್ತದೆ. 1956ರಲ್ಲಿ 948 ಸಿ.ಸಿ. ಎಂಜಿನ್ ಬಂದಾಗ ಕಂಪನಿಯವರು ಗೇರುಗಳ ಅಂತರವನ್ನೂ ಸರಿಪಡಿಸಿದರು. ನಮ್ಮದು ಅದಕ್ಕೂ ಎರಡು ವರ್ಷ ಹಿರಿಯ. ಮೂರ್ನಾಡಿನವರೆಗೂ ಕನ್ನಡಿಯಲ್ಲಿ ಫಿಯಟ್ ಕಾಣುತ್ತಲೇ ಇತ್ತು. ಮಗಳು ಸೌಜನ್ಯದಿಂದ ಹಿಂದೆ ಉಳಿದಿದ್ದಳು. ಮೇಕೇರಿಯ ಏರಿನಲ್ಲಿ ಅವಳನ್ನು ಮುಂದೆ ಬಿಟ್ಟೆ. ಅವಳು ಮೂರನೆಯ ಗೇರಿನಲ್ಲೇ, ಒಂದು ಬಾರಿಯೂ ಕೈ ಬದಲಿಸದೆ ಹತ್ತಿಹೋದಳು.

ಹತ್ತುವುದರಲ್ಲಿ ಫಿಯಟ್ ಗೆದ್ದಿತು. ಅದರಲ್ಲಿ ಎರಡು ಮಾತಿಲ್ಲ.

ಇಳಿಯುವುದು ಬೇರೆಯೇ ವಿದ್ಯೆ. ಮೋರಿಸ್‌ನ ಸ್ಟಿಯರಿಂಗ್ ರ‍್ಯಾಕ್ ಮತ್ತು ಪಿನಿಯನ್ ಕ್ರಮದ್ದು, ಅಂದರೆ ಹಲ್ಲಿನ ಪಟ್ಟಿಯ ಮೇಲೆ ಸಣ್ಣ ಹಲ್ಲಿನ ಚಕ್ರ ಉರುಳುವಂಥದು. ಇವತ್ತಿನ ಎಲ್ಲ ಸಣ್ಣ ಕಾರುಗಳಲ್ಲಿರುವುದು ಅದೇ, ಆದರೆ 1948ರಲ್ಲಿ ಅಗ್ಗದ ಕಾರೊಂದಕ್ಕೆ ಅದು ದೊಡ್ಡ ಸಂಗತಿ. ಮುಂಭಾಗಕ್ಕೆ ಸುರುಳಿ ಸ್ಪ್ರಿಂಗಿನ ಬದಲು ಉದ್ದಕ್ಕೆ ಮಲಗಿಸಿದ ಉಕ್ಕಿನ ಸರಳುಗಳಿವೆ. ಆ ಸರಳುಗಳು ತಿರುಚಿಕೊಂಡು ಕುಲುಕನ್ನು ನುಂಗುತ್ತವೆ. ಇದರ ಫಲ ಏನೆಂದರೆ, ಚಕ್ರದ ಕೆಳಗೆ ಒದ್ದೆ ಎಲೆ ಸಿಕ್ಕರೂ ಅಂಗೈಗೆ ತಿಳಿಯುತ್ತದೆ. ಸಂಪಾಜೆ ಘಾಟಿಯಲ್ಲಿ, ಮಳೆ ನಿಂತ ಮರುಗಳಿಗೆ, ಮಂಜು ಇನ್ನೂ ರಸ್ತೆಯ ಮೇಲೆ ತೇಲುತ್ತಿರುವಾಗ ಮೋರಿಸ್ ಇಳಿಸಿ ನೋಡಬೇಕು. ತಿರುವಿಗೆ ಮುಂಚೆ ಎರಡನೆಯ ಗೇರು, ಸ್ವಲ್ಪ ಬ್ರೇಕು, ಆಮೇಲೆ ಬ್ರೇಕಿನಿಂದ ಕಾಲು ತೆಗೆದು ಸ್ಟಿಯರಿಂಗ್ ತಿರುಗಿಸಿದರೆ ಗಾಡಿ ಹೇಳಿದ ಜಾಗಕ್ಕೇ ಹೋಗುತ್ತದೆ. ಫಿಯಟ್‌ನ ಸ್ಟಿಯರಿಂಗ್ ವರ್ಮ್ ಮತ್ತು ರೋಲರ್ ಕ್ರಮದ್ದು, ಅಂದರೆ ತಿರುಪಿನ ಮೇಲೆ ಉರುಳೆ ಓಡುವಂಥದು. ಹೊಸದಿದ್ದಾಗ ಚೆನ್ನ. ಸವೆದಂತೆ ನಡುವೆ ಒಂದಿಷ್ಟು ಸಡಿಲು ಬರುತ್ತದೆ. ನೇರ ದಾರಿಯಲ್ಲಿ ಅದು ಲೆಕ್ಕಕ್ಕಿಲ್ಲ. ನಮ್ಮಲ್ಲಿ ನೇರ ದಾರಿ ಎಲ್ಲಿದೆ?

ಬ್ರೇಕು ಎರಡರಲ್ಲೂ ಡ್ರಮ್. ಉದ್ದದ ಇಳಿಜಾರಿನಲ್ಲಿ ಡ್ರಮ್ ಕಾದರೆ ಪೆಡಲ್ ಒತ್ತಿದರೂ ಗಾಡಿ ಹಿಡಿತಕ್ಕೆ ಬರುವುದಿಲ್ಲ, ಸುಟ್ಟ ವಾಸನೆ ಮಾತ್ರ ಬರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂದು ಹಳೆಯ ಚಾಲಕರು ಹೇಳುತ್ತಿದ್ದದ್ದು ಇದಕ್ಕೇ. ಇಲ್ಲಿ ಫಿಯಟ್‌ನ ಸ್ಟಿಯರಿಂಗ್ ಗೇರಿನ ಬಗ್ಗೆ ಎಚ್ಚರ ಹೇಳಲೇಬೇಕು. ಗೇರಿನ ಕೋಲು ಸ್ಟಿಯರಿಂಗ್ ಕಂಬದ ಮೇಲಿರುವುದರಿಂದ ಅಲ್ಲಿಂದ ಗೇರ್‌ಬಾಕ್ಸ್‌ವರೆಗೆ ಸರಳುಗಳು, ಅವುಗಳ ಕೀಲುಗಳಿಗೆ ಸವೆತ ತಾಳುವ ಸಣ್ಣ ಬಳೆಗಳಂಥ ಬುಷ್‌ಗಳು. ಬುಷ್ ಸವೆದರೆ ಗೇರು ಗಟ್ಟಿಯಾಗಿ ಕೂರುವುದಿಲ್ಲ. ಒಮ್ಮೆ ನಾನು ಅದನ್ನು ಬದಲಿಸುವುದನ್ನು ಕಾಫಿ ಕೊಯ್ಲು ಮುಗಿಯಲಿ ಎಂದು ಮುಂದೂಡಿದ್ದೆ. ಮದೆನಾಡಿನ ಕೆಳಗೆ, ಹಿಂದೆ ಅಮ್ಮ, ಹೆಂಡತಿ, ಎರಡು ವರ್ಷದ ಮಗಳು ಕೂತಿದ್ದಾಗ, ಎರಡನೆಯ ಗೇರು ತಾನಾಗಿ ಕಳಚಿಕೊಂಡಿತು. ಎಂಜಿನ್ನಿನ ಸದ್ದು ಥಟ್ಟನೆ ಇಳಿದು, ಗಾಡಿಯ ವೇಗ ಏರಿದ ಆ ಎರಡು ಮೂರು ಸೆಕೆಂಡುಗಳು ಇನ್ನೂ ನನ್ನ ಬೆನ್ನಿನಲ್ಲಿವೆ. ಕೈಬ್ರೇಕು ಮತ್ತು ಬೆಟ್ಟದ ಬದಿಯ ಮಣ್ಣಿನ ದಿಣ್ಣೆ ನಮ್ಮನ್ನು ನಿಲ್ಲಿಸಿದವು. ತಪ್ಪು ಗಾಡಿಯದಲ್ಲ, ನನ್ನದು. ಸಣ್ಣ ಬುಷ್ ಒಂದನ್ನು ಮುಂದೂಡಿದ್ದೆ. ಅಂದಿನಿಂದ ಪ್ರತಿ ಮಳೆಗಾಲಕ್ಕೆ ಮುಂಚೆ ಆ ಬುಷ್‌ಗಳನ್ನು ಕೈಯಿಂದ ಅಲ್ಲಾಡಿಸಿ ನೋಡದೆ ಫಿಯಟ್ ಅನ್ನು ಘಾಟಿಗೆ ಇಳಿಸಿಲ್ಲ.

ಬಿಸಿಲುಗಾಲದ ವಿಷಯಕ್ಕೆ ಬರೋಣ. ಮಡಿಕೇರಿಯ ಎತ್ತರದಲ್ಲಿ ನೀರು ಕುದಿಯುವುದು 100 ಡಿಗ್ರಿಗೆ ಅಲ್ಲ, ಸುಮಾರು 96ಕ್ಕೆ. ಈ ಕಾರುಗಳ ಕಾಲದವರು ನೀರಿನ ಡಬ್ಬ ಇಲ್ಲದೆ ಘಾಟಿ ಹತ್ತುತ್ತಿರಲಿಲ್ಲ. ಫಿಯಟ್‌ನ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದೆ. ಎಂಜಿನ್ ಕಾದಾಗ ಅದರೊಳಗಿನ ಪೆಟ್ರೋಲ್ ಆವಿಯಾಗಿ, ಪಂಪು ಬರೀ ಆವಿಯನ್ನು ಜಗ್ಗುತ್ತಾ ಗಾಡಿ ನಿಂತುಬಿಡುತ್ತದೆ. ಮೂರು ದಶಕದ ಹಿಂದೆ ಏಪ್ರಿಲ್ ತಿಂಗಳಲ್ಲಿ ಘಾಟಿಯ ಬದಿಯಲ್ಲಿ ಬಾನೆಟ್ ಎತ್ತಿಕೊಂಡು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ನಿಂತ ಫಿಯಟ್‌ಗಳನ್ನು ನಿಮ್ಮಲ್ಲಿ ಹಿರಿಯರು ನೋಡಿಯೇ ಇರುತ್ತೀರಿ. ಮೋರಿಸ್‌ನದು ವಿದ್ಯುತ್ ಪಂಪು, ಎಂಜಿನ್ನಿನಿಂದ ದೂರ, ಹಿಂದಿನ ತಗಡಿನ ಗೋಡೆಯ ಮೇಲೆ ಕೂತಿದೆ. ಕೀಲಿ ತಿರುಗಿಸಿದ ಕೂಡಲೇ ಟಿಕ್ ಟಿಕ್ ಎನ್ನುತ್ತದೆ. ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗುತ್ತದೆ. ಆ ಟಿಕ್ ಟಿಕ್ ಕೇಳದಿದ್ದರೆ ಅದರ ಒಳಗೆ ವಿದ್ಯುತ್ ಹರಿಸುವ ಸಂಪರ್ಕ ಬಿಂದುಗಳು ಅಂಟಿಕೊಂಡಿವೆ ಎಂದು ಅರ್ಥ. ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಸಾಕು. ಚಿಕ್ಕವನಿದ್ದಾಗ ನಾನು ಅದನ್ನು ಕಾರಿನ ಎದೆಬಡಿತ ಎಂದೇ ತಿಳಿದಿದ್ದೆ.

ಎಂಜಿನ್ನಿನ ತಲೆಯ, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳದ, ವಿಷಯದಲ್ಲಿ ಎರಡಕ್ಕೂ ಒಂದೊಂದು ನೋವಿದೆ. ಫಿಯಟ್‌ನ ತಲೆ ಅಲ್ಯೂಮಿನಿಯಮ್. ಹಗುರ, ಬೇಗ ತಣಿಯುತ್ತದೆ. ಆದರೆ ಒಮ್ಮೆ ನೀರು ಬತ್ತಿಸಿ ಓಡಿಸಿದರೆ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಮೋರಿಸ್‌ನದು ಎರಕದ ಕಬ್ಬಿಣ. ಅದು ಕಾವನ್ನು ತಡೆದುಕೊಳ್ಳುತ್ತದೆ. ಅದರ ಕಷ್ಟ ಪೆಟ್ರೋಲಿನದು. ವಾಲ್ವ್ ಕೂರುವ ಜಾಗವನ್ನು ಆ ಕಬ್ಬಿಣದಲ್ಲೇ ಕೊರೆದಿದ್ದಾರೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸ ಅಲ್ಲಿ ಒಂದು ಪದರವಾಗಿ ನಿಂತು ಸವೆತ ತಡೆಯುತ್ತಿತ್ತು. 2000ದ ಫೆಬ್ರುವರಿ 1ರಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಜನರ ಶ್ವಾಸಕೋಶಕ್ಕೆ, ಮಕ್ಕಳ ಮಿದುಳಿಗೆ ಅದು ಬಹಳ ಒಳ್ಳೆಯದಾಯಿತು. ಮೋರಿಸ್‌ನ ವಾಲ್ವ್‌ಗಳು ಮಾತ್ರ ನಿಧಾನವಾಗಿ ಕಬ್ಬಿಣದೊಳಕ್ಕೆ ಇಳಿಯತೊಡಗಿದವು. ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸಿ ಅದನ್ನು ಸರಿಪಡಿಸಿದ್ದೇನೆ. ಈಗ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಹಳೆಯ ರಬ್ಬರು ಅದಕ್ಕೆ ತಾಳುವುದಿಲ್ಲ. ಎರಡೂ ಕಾರುಗಳ ಪೈಪು, ಪಂಪಿನ ಡಯಾಫ್ರಾಮ್ ಎಲ್ಲವನ್ನೂ ಎಥೆನಾಲ್ ತಾಳುವಂಥವುಗಳಿಗೆ ಬದಲಿಸಬೇಕಾಯಿತು. ಹಳೆಯ ಕಾರು ಇಟ್ಟುಕೊಂಡವರು ಇಲ್ಲಿದ್ದರೆ ಮನೆಗೆ ಹೋದ ಕೂಡಲೇ ಪೆಟ್ರೋಲ್ ಪೈಪನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಆ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ. ಬೆಂಕಿಯ ವಿಷಯವಿದು.

ಇನ್ನು ಬಳಕೆಯ ಮಾತು. ನಮ್ಮ ಕಡೆ ಕಾರಿನ ಯೋಗ್ಯತೆ ತಿಳಿಯುವುದು ಮದುವೆಯ ದಿನ. ಫಿಯಟ್‌ನ ಮುಂದಿನ ಸೀಟು ಉದ್ದದ ಬೆಂಚು. ಗೇರು ಮೇಲಿರುವುದರಿಂದ ನಡುವೆ ಒಬ್ಬರು ಕೂರಬಹುದು. ಮುಂದೆ ಮೂವರು, ಹಿಂದೆ ಮೂವರು, ಅವರ ತೊಡೆಯ ಮೇಲೆ ಮಕ್ಕಳು. ಡಿಕ್ಕಿಯಲ್ಲಿ ಅಕ್ಕಿ, ಬಾಳೆಗೊನೆ, ಪಾತ್ರೆ. ನಾಲ್ಕು ಬಾಗಿಲುಗಳಿಂದ ರೇಷ್ಮೆ ಸೀರೆ ಉಟ್ಟವರು ಮುದುಡದೆ ಇಳಿಯಬಹುದು. ಮೋರಿಸ್‌ನಲ್ಲಿ ನಾಲ್ವರು ಸುಖವಾಗಿ ಕೂರುತ್ತಾರೆ, ಐದನೆಯವರು ಕಷ್ಟಪಟ್ಟು. ನಮ್ಮದು ಎರಡು ಬಾಗಿಲಿನದು. ಅಜ್ಜಿ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ಒಬ್ಬರು ಕೈ ಹಿಡಿದು, ಒಬ್ಬರು ಕೊಡೆ ಹಿಡಿದು ನಿಲ್ಲಬೇಕಿತ್ತು. ಅಪ್ಪ ಫಿಯಟ್ ಕೊಂಡದ್ದು ಅಜ್ಜಿಯ ಮಂಡಿಗಾಗಿ ಎಂದು ಮನೆಯಲ್ಲಿ ಹೇಳುತ್ತಾರೆ. ಅದು ನಿಜವೇ ಇರಬೇಕು.

ಮಳೆಗಾಲ ಎರಡಕ್ಕೂ ಶತ್ರು. ಎರಡಕ್ಕೂ ಬೇರೆಯಾದ ಚಾಸಿ ಇಲ್ಲ, ಮೈತಗಡೇ ಎಲುಬು. ಆದ್ದರಿಂದ ತುಕ್ಕು ಹಿಡಿದರೆ ಅಂದ ಕೆಡುವುದಷ್ಟೇ ಅಲ್ಲ, ಗಾಡಿಯ ಬೆನ್ನೇ ಮುರಿಯುತ್ತದೆ. ಬಾಗಿಲ ಕೆಳಗೆ ನೀರು ಹರಿದುಹೋಗುವ ಸಣ್ಣ ತೂತುಗಳಿವೆ. ಜೂನ್‌ಗೆ ಮುಂಚೆ ಅವುಗಳನ್ನು ಕಡ್ಡಿಯಿಂದ ಬಿಡಿಸಬೇಕು. ಸೀಟಿಗೆ ಬೂಸ್ಟು, ವಯರಿಗೆ ಇಲಿ. ವೈಪರ್ ಸೋತಾಗ ಗಾಜಿಗೆ ಬೀಡಿಯ ತಂಬಾಕು ಉಜ್ಜಿ ಮನೆ ಸೇರಿದವರು ನಮ್ಮಲ್ಲಿ ಇನ್ನೂ ಇದ್ದಾರೆ.

ಮೋರಿಸ್‌ಗೆ ಇನ್ನೊಂದು ವಿಚಿತ್ರವಿದೆ. ಅದರ ಬ್ಯಾಟರಿಯ ಧನ ತುದಿ ಮೈತಗಡಿಗೆ ಸೇರಿದೆ. ಇವತ್ತಿನ ಎಲ್ಲ ಗಾಡಿಗಳಲ್ಲಿ ಇರುವುದು ಋಣ ತುದಿ. ಒಮ್ಮೆ ಒಂದು ಗ್ಯಾರೇಜಿನಲ್ಲಿ ಹೊಸ ಬ್ಯಾಟರಿಯನ್ನು ರೂಢಿಯಂತೆ ತಿರುಗುಮುರುಗಾಗಿ ಜೋಡಿಸಿ ಕೊಟ್ಟರು. ಬ್ಯಾಟರಿಯನ್ನು ಹೇಗೆ ಜೋಡಿಸಿದರೂ ಸ್ಟಾರ್ಟರ್ ಒಂದೇ ದಿಕ್ಕಿಗೆ ತಿರುಗುವುದರಿಂದ ಗಾಡಿ ಹೊರಟಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಡೈನಮೊಗೂ ಬ್ಯಾಟರಿಗೂ ನಡುವಿನ ಸ್ವಿಚ್ಚಾದ ಕಟೌಟ್‌ನ ಬಿಂದುಗಳು ಬೆಸೆದುಕೊಂಡು ಹೊಗೆ ಬಂತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹುಟ್ಟುವ ಮೊದಲೇ ಆ ಪದ್ಧತಿ ಹೋಗಿತ್ತು. ಈಗ ಬ್ಯಾಟರಿಯ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದೇನೆ.

ಬಿಡಿಭಾಗಗಳಲ್ಲಿ ಆಶ್ಚರ್ಯವೊಂದಿದೆ. ಫಿಯಟ್ ಇಲ್ಲಿಯೇ ಹತ್ತಿರ ಹತ್ತಿರ ಅರ್ಧ ಶತಮಾನ ತಯಾರಾಯಿತು. ಮುಂಬಯಿಯ ಟ್ಯಾಕ್ಸಿಗಳೆಲ್ಲ ಅದೇ ಆಗಿದ್ದವು. ಆ ಊರಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಫಿಯಟ್‌ನ ಸಾಮಾನು ಸಿಗುತ್ತದೆ, ಅದನ್ನು ಬಿಚ್ಚಿ ಜೋಡಿಸಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ, ನಮ್ಮಲ್ಲೂ ಇದ್ದಾರೆ. ಆದರೆ ವರ್ಷದಿಂದ ವರ್ಷಕ್ಕೆ ಇವೆರಡೂ ಕಡಿಮೆಯಾಗುತ್ತಿವೆ. ಮೋರಿಸ್‌ನ ಕತೆ ತದ್ವಿರುದ್ಧ. ಹದಿನಾರು ಲಕ್ಷದಷ್ಟು ತಯಾರಾದ ಕಾರು ಅದು. ಇಂಗ್ಲೆಂಡಿನಲ್ಲಿ ಅದನ್ನು ಪ್ರೀತಿಸುವವರು ಇಂದಿಗೂ ಬಹಳ. ಬಾಗಿಲ ರಬ್ಬರಿನಿಂದ ಹಿಡಿದು ಮೈತಗಡಿನವರೆಗೆ ಹೊಸದಾಗಿ ತಯಾರಿಸಿ ಮಾರುತ್ತಾರೆ. ಸುಂಕ ಕಟ್ಟಿ ತರಿಸಿಕೊಳ್ಳಬೇಕು, ವಾರಗಟ್ಟಲೆ ಕಾಯಬೇಕು, ಅಷ್ಟೇ. ಪಕ್ಕದೂರಿನಲ್ಲಿ ಸಿಗುವ ಫಿಯಟ್‌ನ ಭಾಗ ನಾಳೆ ಸಿಗದೆ ಹೋದೀತು, ಏಳು ಸಮುದ್ರದಾಚೆಯ ಮೋರಿಸ್‌ನ ಭಾಗ ಮುಂದೆಯೂ ಸಿಗುತ್ತದೆ. ನಮ್ಮ ದೇಶದಲ್ಲೇ ತಯಾರಾದ ಕಾರಿನ ಸಾಮಾನನ್ನು ನಾವೇ ಮತ್ತೆ ತಯಾರಿಸಿಕೊಳ್ಳಲಾರೆವೇ ಎಂದು ನನಗೆ ನಿಜವಾಗಿ ಸಂಕಟವಾಗುತ್ತದೆ. ಕುಶಾಲನಗರದಲ್ಲಿ ಲೇತ್ ಇದೆ, ಕಲಿಯುವ ಹುಡುಗರಿದ್ದಾರೆ. ಗೇರಿನ ಬುಷ್ ಅನ್ನು ಲೇತಿನಲ್ಲಿ ಮಾಡುವುದು ರಾಕೆಟ್ ವಿದ್ಯೆಯೇನಲ್ಲ.

ಕೊನೆಗೆ ಮೋರಿಸ್ ಇಟ್ಟುಕೊಂಡವರು ಮರೆಯಬಾರದ ಒಂದು ಭಾಗದ ಬಗ್ಗೆ ಹೇಳುತ್ತೇನೆ. ಮುಂದಿನ ಚಕ್ರದ ಹಿಂದೆ, ಕೆಳಗೆ, ಲೋಹದ ಒಂದು ತುಂಡಿದೆ. ಟ್ರನಿಯನ್ ಎನ್ನುತ್ತಾರೆ. ಚಕ್ರವನ್ನು ಹೊತ್ತ ಕಂಬ ಅದರೊಳಗೆ ತಿರುಪಿನ ಹಾಗೆ ಕೂತಿದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಆ ತಿರುಪು ಒಂದಿಷ್ಟು ತಿರುಗುತ್ತದೆ. ನಮ್ಮ ಘಾಟಿಗಳಲ್ಲಿ ದಿನಕ್ಕೆ ಎಷ್ಟು ಸಲ ತಿರುಗುತ್ತದೋ ಯೋಚಿಸಿ. ಗ್ರೀಸ್ ಒಣಗಿ, ಕೆಸರು ನೀರು ಒಳಗೆ ಹೋದರೆ ತಿರುಪಿನ ಹಲ್ಲುಗಳು ಸವೆದು, ಒಂದು ದಿನ ಕಂಬ ಕಳಚಿ ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತದೆ. ಅಜ್ಜ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಗೋಣಿಚೀಲ ಹಾಸಿ ಮಲಗಿ ಅದಕ್ಕೆ ಗ್ರೀಸ್ ಹಾಕುತ್ತಿದ್ದರು. ಮೊದಲು ಕಪ್ಪು ಗ್ರೀಸ್ ಹೊರಬರುತ್ತದೆ, ಆಮೇಲೆ ಬೂದು, ಆಮೇಲೆ ಹೊಸ ಗ್ರೀಸಿನ ಹೊಂಬಣ್ಣ. ಹೊಂಬಣ್ಣ ಕಾಣುವವರೆಗೆ ನಿಲ್ಲಿಸುತ್ತಿರಲಿಲ್ಲ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಬಂದೂಕಿನ ನಳಿಗೆಗೆ ತೋಕ್ ಪೂ ಎಂಬ ಹೂವು ಇಡುವಾಗ ಒಂದನ್ನು ಮೋರಿಸ್‌ನ ಮುಂದಿನ ಜಾಲರಿಗೂ ಸಿಕ್ಕಿಸುತ್ತಿದ್ದರು. ಆದರೆ ಅದಕ್ಕೆ ಮುಂಚೆ ಗ್ರೀಸ್ ಆಗಿರಬೇಕಿತ್ತು.

ಮಾತು ಶುರುವಾಗುವ ಮುಂಚೆ ಒಬ್ಬರು ನನ್ನನ್ನು ಕೇಳಿದರು: ಜುಲೈ ತಿಂಗಳ ನಡುರಾತ್ರಿ, ಭಾಗಮಂಡಲದಿಂದ ಮಡಿಕೇರಿಯ ಆಸ್ಪತ್ರೆಗೆ ಹೆರಿಗೆಗೆ ಕರೆತರಬೇಕು, ಇವೆರಡರಲ್ಲಿ ಯಾವುದನ್ನು ತೆಗೆಯುತ್ತೀರಿ? ಫಿಯಟ್. ಯೋಚನೆಯೇ ಇಲ್ಲ. ಹಿಂದೆ ಮಲಗಲು ಜಾಗವಿದೆ, ಜೊತೆಗೆ ಇಬ್ಬರು ಬರಬಹುದು, ಏರಿನಲ್ಲಿ ಸೋಲುವುದಿಲ್ಲ. ನನ್ನ ಮಗಳು ಹುಟ್ಟುವ ಹೊತ್ತಿಗೆ ಅವಳ ಅಮ್ಮನನ್ನು ಕರೆತಂದದ್ದೂ ಅದರಲ್ಲಿಯೇ. ಮಗು ಹುಟ್ಟಿದ ಮಾರನೆಯ ಬೆಳಿಗ್ಗೆ, ನಾನೊಬ್ಬನೇ ಊರಿಗೆ ಹೋಗಿ ಸುದ್ದಿ ಹೇಳಿ ಬರುವುದಿದ್ದರೆ, ಮೋರಿಸ್.

ಈಗ ಹೊರಗೆ ಹೋಗೋಣ. ಎರಡರ ಬಾನೆಟ್ ತೆರೆದಿಡುತ್ತೇನೆ. ಮಗಳು ಫಿಯಟ್‌ನ ಗೇರಿನ ಬುಷ್ ಎಲ್ಲಿದೆ ಎಂದು ತೋರಿಸುತ್ತಾಳೆ. ಮೋರಿಸ್‌ನ ಬಲಗಡೆಯ ಟ್ರನಿಯನ್‌ಗೆ ನಿನ್ನೆ ಗ್ರೀಸ್ ಹಾಕಿದ್ದೇನೆ. ಎಡಗಡೆಯದರ ಸರದಿಯನ್ನು ಇವತ್ತಿಗೆಂದೇ ಉಳಿಸಿಕೊಂಡು ಬಂದಿದ್ದೇನೆ. ಗ್ರೀಸ್ ಗನ್ನು, ಗೋಣಿಚೀಲ ಎರಡೂ ಡಿಕ್ಕಿಯಲ್ಲಿವೆ. ಈ ಮುಂದಿನ ಸಾಲಿನಲ್ಲಿ ಕೂತ ಹುಡುಗರಲ್ಲಿ ಯಾರು ಕೆಳಗೆ ಮಲಗುತ್ತೀರಿ?